ಗೊತ್ತಿಲ್ಲದ ಪ್ರಶ್ನೆಯನ್ನು ಬಿಡಬೇಕೇ, ಬರೆಯಬೇಕೇ?

ನಮಸ್ಕಾರ. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಸೀಟು ಬೇಕೆಂದರೆ ಸಿಇಟಿ ಬರೆಯಬೇಕು, ಮಡಿಕೇರಿಯ ವೈದ್ಯಕೀಯ ಕಾಲೇಜಿಗೆ ನೀಟ್ ಬರೆಯಬೇಕು. ಕೊಡಗಿನ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳಲ್ಲಿ ಹಲವರು ಕೆಲವೇ ವಾರಗಳ ಅಂತರದಲ್ಲಿ ಎರಡನ್ನೂ ಬರೆಯುತ್ತಾರೆ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ನೀಟ್‌ನಲ್ಲಿ ಸರಿಯುತ್ತರಕ್ಕೆ 4 ಅಂಕ ಬಂದರೆ, ತಪ್ಪಿಗೆ 1 ಅಂಕ ಹೋಗುತ್ತದೆ.

ಈ ಒಂದು ಅಂಕದ ಭಯ ನಮ್ಮ ಮಕ್ಕಳನ್ನು ಅಗತ್ಯಕ್ಕಿಂತ ಹೆಚ್ಚು ಕಾಡುತ್ತಿದೆ. ಏನೂ ಗೊತ್ತಿಲ್ಲದ ನಾಲ್ಕು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ, ಸರಾಸರಿಯಲ್ಲಿ ಒಂದು ಸರಿಯಾಗಿ 4 ಬಂದು, ಮೂರು ತಪ್ಪಾಗಿ 3 ಹೋಗಿ, 1 ಅಂಕ ಕೈಯಲ್ಲಿ ಉಳಿಯುತ್ತದೆ. ನಾಲ್ಕು ಆಯ್ಕೆಗಳಲ್ಲಿ ಒಂದು ಖಂಡಿತ ತಪ್ಪೆಂದು ತಿಳಿದಿದ್ದರಂತೂ, ಅಂಥ ಮೂರು ಪ್ರಶ್ನೆಗಳಿಗೆ 4 ಬಂದು 2 ಹೋಗುತ್ತದೆ. ಮೈಸೂರು, ಮಂಗಳೂರಿನ ಕೋಚಿಂಗ್ ತರಗತಿಗಳಲ್ಲಿ ಈ ಲೆಕ್ಕವನ್ನು ಬಾಯಿಪಾಠ ಮಾಡಿಸುತ್ತಾರೆ. ಸೋಮವಾರಪೇಟೆಯ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಸರ್ಕಾರಿ ಕಾಲೇಜಿನಲ್ಲಿ ಓದುವ ಹುಡುಗಿಗೆ ಇದನ್ನು ಹೇಳಿಕೊಡುವವರು ಅಪರೂಪ. ಆಕೆ ಮೈನಸ್‌ಗೆ ಹೆದರಿ ಓಎಂಆರ್ ಹಾಳೆಯಲ್ಲಿ ಖಾಲಿ ಬಿಟ್ಟ ವೃತ್ತಗಳು ಆಕೆಯ ಅಜ್ಞಾನಕ್ಕಿಂತ ಹೆಚ್ಚಾಗಿ ನಿಯಮದ ಅಪರಿಚಯವನ್ನು ತೋರಿಸುತ್ತವೆ.

ಹೀಗಿರುವಾಗ ಮಾದರಿಯೇ ಬದಲಾದರೆ ಪೆಟ್ಟು ಬೀಳುವುದು ಇಂಥವರಿಗೇ. ಕೋವಿಡ್ ಕಾಲದಲ್ಲಿ, 2021ರಿಂದ, ನೀಟ್‌ನ ಪ್ರತಿ ವಿಷಯದ ಎರಡನೆಯ ಭಾಗದಲ್ಲಿ 15 ಪ್ರಶ್ನೆಗಳಲ್ಲಿ 10ಕ್ಕೆ ಮಾತ್ರ ಉತ್ತರಿಸುವ ಅವಕಾಶವಿತ್ತು. 2025ರಲ್ಲಿ ಅದನ್ನು ತೆಗೆದು, 180 ಪ್ರಶ್ನೆಗಳನ್ನೂ ಕಡ್ಡಾಯಗೊಳಿಸಿ, ಸಮಯವನ್ನು 200ರಿಂದ 180 ನಿಮಿಷಕ್ಕೆ ಇಳಿಸಲಾಯಿತು. ಹಳೆಯ ಮಾದರಿಗೆ ಮರಳಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಮೇ ತಿಂಗಳ ಪರೀಕ್ಷೆಯ ಬದಲಾವಣೆಯನ್ನು ಪ್ರಕಟಿಸಿದ್ದು ಅದೇ ವರ್ಷದ ಜನವರಿಯಲ್ಲಿ. ಜುಲೈ ಮಳೆಯಲ್ಲಿ ಜಿಲ್ಲಾಧಿಕಾರಿಗಳು ರಜೆಯ ಮೇಲೆ ರಜೆ ಕೊಟ್ಟು, ಕೊನೆಯ ಪಾಠಗಳನ್ನು ಓಡಿಸಿ ಮುಗಿಸುವ ನಮ್ಮ ಜಿಲ್ಲೆಯಲ್ಲಿ, ಸರಿಯಾಗಿ ಓದದ ಅಧ್ಯಾಯದ ಪ್ರಶ್ನೆಯನ್ನು ಬಿಟ್ಟು ಮುಂದಕ್ಕೆ ಹೋಗುವ ಆ ಅವಕಾಶದ ಬೆಲೆ ಬೇರೆಯೇ ಆಗಿತ್ತು.

ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲೂ ಹಿಂದೆ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಿದ್ದರು. 2016ರಲ್ಲಿ ಅದನ್ನು ಕೈಬಿಟ್ಟು, ಗರಿಷ್ಠ ಅಂಕವನ್ನು 2400ರಿಂದ 1600ಕ್ಕೆ ತಂದರು. ಆ ಬದಲಾವಣೆಯನ್ನು ಅವರು ಘೋಷಿಸಿದ್ದು 2014ರಲ್ಲಿ, ಅಂದರೆ ಪೂರ್ತಿ ಎರಡು ವರ್ಷ ಮೊದಲು. ನಮ್ಮ ಪಿಯುಸಿಯ ಅವಧಿಯೂ ಅಷ್ಟೇ.

ಆದ್ದರಿಂದ ಪ್ರಥಮ ಪಿಯುಸಿಗೆ ಸೇರುವ ದಿನದ ಮಾದರಿಯೇ ಆ ಬ್ಯಾಚಿನ ಕೊನೆಯ ಪರೀಕ್ಷೆಯವರೆಗೂ ಉಳಿಯಬೇಕು ಎಂಬುದು ನನ್ನ ಬೇಡಿಕೆ. ಅದು ದೆಹಲಿಯ ಕೆಲಸ. ಇಲ್ಲಿನ ಕಾಲೇಜುಗಳು ತಿಂಗಳಿಗೊಮ್ಮೆ ಓಎಂಆರ್ ಹಾಳೆಯ ಮೇಲೆ ಒಂದು ಕಿರುಪರೀಕ್ಷೆ ನಡೆಸಿ, ಅದೇ ಉತ್ತರಗಳಿಗೆ ಒಮ್ಮೆ ಸಿಇಟಿಯ ಲೆಕ್ಕದಲ್ಲಿ, ಒಮ್ಮೆ ನೀಟ್ ಲೆಕ್ಕದಲ್ಲಿ ಅಂಕ ಹಾಕಿ ಮಕ್ಕಳ ಕೈಗೆ ಕೊಡುವುದಕ್ಕೆ ಯಾರ ಆದೇಶವೂ ಬೇಕಾಗಿಲ್ಲ.