ವೇಷವಿಲ್ಲದವನ ಮೇಲಿನ ಪ್ರೀತಿ

ಹಿರಿಯರೇ, ಗೆಳೆಯರೇ,

ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ನನ್ನ ಮಾತು ಹಿಂದಿನ ಸಾಲಿಗೆ ಕೇಳದಿದ್ದರೆ ಕೈ ಎತ್ತಿ, ಇನ್ನೂ ಸ್ವಲ್ಪ ಕಿರುಚುತ್ತೇನೆ. ಆಷಾಢದ ಸಂಜೆ ತೀರ್ಥಹಳ್ಳಿಯಲ್ಲಿ ಉಪನ್ಯಾಸ ಇಟ್ಟವರ ಧೈರ್ಯ ದೊಡ್ಡದು. ಛತ್ರಿ ಹಿಡಿದು ಬಂದ ನಿಮ್ಮದು ಅದಕ್ಕಿಂತ ದೊಡ್ಡದು.

ಆಟ ಮತ್ತು ಅಭಿಮಾನ ಅಂತ ವಿಷಯ ಕೊಟ್ಟವರು ನಾನು ಕ್ರಿಕೆಟ್ ಬಗ್ಗೆ ಮಾತಾಡುತ್ತೇನೆ ಅಂದುಕೊಂಡಿದ್ದರು. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಮೇಲೆ ಒಂದು ಗಂಟೆ ಕೊರೆದಿದ್ದರೂ ಯಾರೂ ಬೇಡ ಅನ್ನುತ್ತಿರಲಿಲ್ಲ. ನಾನು ಹೇಳಹೊರಟಿರುವುದು ಒಬ್ಬ ಜರ್ಮನ್ ಮನುಷ್ಯನ ಬಗ್ಗೆ. ಆತ ಚೆಂಡು ಒದ್ದದ್ದನ್ನು ನಾನು ನೋಡಿಲ್ಲ. ಟೋಪಿ, ಟ್ರ್ಯಾಕ್ ಸೂಟು, ಕುರುಚಲು ಗಡ್ಡ. ಗೆರೆಯಾಚೆ ನಿಂತು ಕೂಗುತ್ತಿದ್ದ. ಅವನ ಕೆಲಸದ ಹೆಸರು ಮ್ಯಾನೇಜರ್.

ಮ್ಯಾನೇಜರ್ ಅಂದ ಕೂಡಲೇ ನಮ್ಮ ಕಡೆ ನೆನಪಾಗುವುದು ಬೆಳೆಸಾಲದ ಅರ್ಜಿ ಹಿಡಿದು ನಿಂತಾಗ ಕನ್ನಡಕದ ಮೇಲಿಂದ ನೋಡುವ ಬ್ಯಾಂಕಿನವರು. ಅವರ ಹೆಸರನ್ನು ಐವತ್ತು ಸಾವಿರ ಜನ ಒಟ್ಟಿಗೆ ಹಾಡಿದ್ದನ್ನು ನಾನಂತೂ ಕೇಳಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಮೈದಾನಗಳಲ್ಲಿ ಹಾಡುತ್ತಾರೆ. ಲಿವರ್‌ಪೂಲ್ ಕ್ಲಬ್ಬಿನ ಜನ ಯೂರ್ಗೆನ್ ಕ್ಲಾಪ್ ಎಂಬ ಈ ಮನುಷ್ಯನ ಹೆಸರನ್ನು ಒಂಬತ್ತು ಸೀಸನ್ ಹಾಡಿದರು. ಸಮುದ್ರ ದಾಟಿ, ಆಗುಂಬೆಯ ಮೋಡ ದಾಟಿ, ನನ್ನಂಥ ಅಡಿಕೆ ತೋಟದವನಿಗೂ ಆ ಹುಚ್ಚು ಹತ್ತಿತು. ಯಾಕೆ ಹತ್ತಿತು ಅನ್ನುವುದೇ ನನ್ನ ಇವತ್ತಿನ ಪ್ರಶ್ನೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ತಟ್ಟನೆ ಅರ್ಥವಾಗುವುದಿಲ್ಲ. ಅಲ್ಲಿ ನಾಯಕ ಮೈದಾನದ ಒಳಗೇ ಇರುತ್ತಾನೆ. ಯಾರು ಬೌಲ್ ಮಾಡಬೇಕು, ಯಾರು ಸ್ಲಿಪ್ಪಿನಲ್ಲಿ ನಿಲ್ಲಬೇಕು, ಎಲ್ಲ ಅವನದೇ. ಕೋಚ್ ಹಿಂದಿನ ಕುರ್ಚಿ. 2025ರಲ್ಲಿ ಹದಿನೆಂಟನೇ ಸೀಸನ್ನಿಗೆ ಆರ್‌ಸಿಬಿ ಕಪ್ ಗೆದ್ದ ರಾತ್ರಿ ನಮ್ಮೂರ ಹುಡುಗರು ಪಟಾಕಿ ಹೊಡೆದರು. (ಮರುದಿನ ಬೆಂಗಳೂರಿನಲ್ಲಿ ಆದದ್ದನ್ನು ನಾನು ಉದಾಹರಣೆಗೆಂದು ಇಲ್ಲಿ ಎಳೆದು ತರುವುದಿಲ್ಲ.) ತಂಡದ ಕೋಚ್ ಯಾರು ಅಂತ ಕೇಳಿದೆ. ಇಬ್ಬರು ಮುಖ ಮುಖ ನೋಡಿಕೊಂಡರು, ಒಬ್ಬ ಮೊಬೈಲ್ ತೆಗೆದ. ಆ್ಯಂಡಿ ಫ್ಲವರ್ ಬಗ್ಗೆ ಅವರಿಗೆ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ. ರಾಹುಲ್ ದ್ರಾವಿಡ್ ಒಬ್ಬರು ಬೇರೆ. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಕೊಹ್ಲಿ ಕಪ್ಪನ್ನು ಅವರ ಕೈಗಿಟ್ಟಾಗ ಆ ಮೌನಿ ಬಾಯಿಬಿಟ್ಟು ಗರ್ಜಿಸಿದರಲ್ಲ, ಆಗ ನಮಗೆ ಗಂಟಲು ಕಟ್ಟಿತು. ಆದರೆ ನಾವು ಅತ್ತದ್ದು ಕೋಚ್ ದ್ರಾವಿಡ್‌ಗಲ್ಲ. 2007ರಲ್ಲಿ ಅದೇ ವೆಸ್ಟ್ ಇಂಡೀಸಿನಿಂದ ತಲೆ ತಗ್ಗಿಸಿ ಬಂದ ಕ್ಯಾಪ್ಟನ್ ದ್ರಾವಿಡ್‌ಗೆ.

ಹಾಗಾದರೆ ಆಡದವನ ಮೇಲಿನ ಪ್ರೀತಿ ನಮಗೆ ಗೊತ್ತೇ ಇಲ್ಲವೆ? ಚೆನ್ನಾಗಿ ಗೊತ್ತು. ನಾವು ಅದನ್ನು ಬೇರೆ ಆಟದಲ್ಲಿ ಇಟ್ಟಿದ್ದೇವೆ. ನಮ್ಮ ಭಾಷೆಯಲ್ಲಿ ಫುಟ್‌ಬಾಲೂ ಆಟ, ಯಕ್ಷಗಾನವೂ ಆಟ. ನನ್ನ ಅಪ್ಪ 'ಇವತ್ತು ಆಟ ಉಂಟು' ಅಂದರೆ ಕಂಬಳಿ, ಟಾರ್ಚು, ನಾಲ್ಕು ಮೈಲಿ ನಡಿಗೆ. ಹೊರಡುವ ಮುಂಚೆ ಅವರು ಕೇಳುತ್ತಿದ್ದದ್ದು ರಾಜವೇಷ ಯಾರದು ಅಂತಲ್ಲ. 'ಭಾಗವತ್ರು ಯಾರು?' ಅಂತ.

ಭಾಗವತರಿಗೆ ವೇಷವಿಲ್ಲ, ಬಣ್ಣವಿಲ್ಲ, ಕಿರೀಟವಿಲ್ಲ. ತಾಳ ಹಿಡಿದು ಹಿಂದೆ ಕೂತಿರುತ್ತಾರೆ. ಆದರೆ ರಂಗಸ್ಥಳದ ಮೇಲೆ ನಡೆಯುವುದೆಲ್ಲ ಅವರ ತಾಳದ ಒಳಗೇ ನಡೆಯುತ್ತದೆ. ಕುಣಿಯುವವನ ಕಾಲಲ್ಲಿ ಕಸುವಿದೆ ಅನಿಸಿದರೆ ಪದವನ್ನು ಮತ್ತೊಮ್ಮೆ ಎತ್ತಿಕೊಡುತ್ತಾರೆ; ಅರ್ಥ ಹೇಳುವವನು ಎಳೆಯುತ್ತಿದ್ದಾನೆ ಅನಿಸಿದರೆ ಮುಂದಿನ ಪದ ಶುರು ಮಾಡಿ ಬಾಯಿ ಮುಚ್ಚಿಸುತ್ತಾರೆ. ಬೆಳಗಾಗುತ್ತಿದೆಯೋ, ಪ್ರಸಂಗ ಇನ್ನೂ ಅರ್ಧ ಇದೆಯೋ, ಆ ಲೆಕ್ಕವೂ ಅವರದೇ. ಕಾಳಿಂಗ ನಾವಡರು ಹಾಡುತ್ತಾರೆ ಅಂದರೆ ಘಟ್ಟದ ಮೇಲಿನವರು, ಕೆಳಗಿನವರು ಅನ್ನದೆ ಜನ ಸೇರುತ್ತಿದ್ದರು. 1990ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡಾಗ ನಮ್ಮ ಮನೆಯಲ್ಲಿ ಸೂತಕದ ಹಾಗಿತ್ತು. ಅವರು ನಮಗೆ ನೆಂಟರೂ ಅಲ್ಲ, ಒಂದು ದಿನ ಮಾತಾಡಿಸಿದವರೂ ಅಲ್ಲ. ಕ್ಯಾಸೆಟ್ಟು ಮಾತ್ರ ಇತ್ತು.

ಲಿವರ್‌ಪೂಲ್ ಇಂಗ್ಲೆಂಡಿನ ಲೀಗನ್ನು ಗೆದ್ದು ಆಮೇಲೆ ಮೂವತ್ತು ವರ್ಷ ಕಾದದ್ದೂ ಅದೇ 1990ರಿಂದ. ಒಂದಕ್ಕೊಂದು ಸಂಬಂಧವಿಲ್ಲ, ನನ್ನ ತಲೆಯಲ್ಲಿ ಮಾತ್ರ ಎರಡೂ ಒಂದೇ ಗೂಡಿನಲ್ಲಿವೆ.

ಕ್ಲಾಪ್ ಬೆಳೆದದ್ದು ಗ್ಲಾಟನ್ ಎಂಬ ಹಳ್ಳಿಯಲ್ಲಿ, ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆ. ಗುಡ್ಡ, ದಟ್ಟ ಕಾಡು. ಅವರದೂ ಒಂದು ಮಲೆನಾಡು ಅನ್ನಿ. ಆಟಗಾರನಾಗಿ ಸಾಧಾರಣ. ತನ್ನ ತಲೆ ಮೊದಲ ದರ್ಜೆಯದು, ಕಾಲು ಮಾತ್ರ ನಾಲ್ಕನೆಯದು ಅಂತ ತಾನೇ ತಮಾಷೆ ಮಾಡಿಕೊಂಡವನು. 2001ರಲ್ಲಿ ಮೈಂಝ್ ಎಂಬ ಸಣ್ಣ ಕ್ಲಬ್ಬಿನ ಆಟಗಾರನಾಗಿದ್ದವನನ್ನು ರಾತ್ರೋರಾತ್ರಿ ಕೋಚ್ ಮಾಡಿದರು. 2002ರಲ್ಲಿ ಮೇಲಿನ ದರ್ಜೆಗೆ ಏರುವುದು ಒಂದು ಅಂಕದಲ್ಲಿ ತಪ್ಪಿತು. 2003ರಲ್ಲಿ ಒಂದೇ ಒಂದು ಗೋಲಿನಲ್ಲಿ ತಪ್ಪಿತು. 2004ರಲ್ಲಿ ಏರಿದರು. 2007ರಲ್ಲಿ ಮತ್ತೆ ಬಿದ್ದರು. 2008ರಲ್ಲಿ ಮತ್ತೆ ಏರಲಾಗದೆ ಆತ ಹೊರಟು ನಿಂತಾಗ ಬೀಳ್ಕೊಡಲು ಊರೇ ಬೀದಿಗೆ ಬಂತು. ಅವನ ಕೈಯಲ್ಲಿ ಒಂದೇ ಒಂದು ಕಪ್ ಇರಲಿಲ್ಲ!

ಗೆದ್ದವರನ್ನು ಜನ ಪ್ರೀತಿಸುತ್ತಾರೆ, ಅದರಲ್ಲೇನು ವಿಶೇಷ ಅನ್ನುವವರಿಗೆ ಮೈಂಝ್ ನನ್ನ ಮೊದಲ ಉತ್ತರ. ಎರಡನೆಯದು ಲಿವರ್‌ಪೂಲಿನಲ್ಲೇ ಇದೆ. ಬಿಲ್ ಶ್ಯಾಂಕ್ಲಿ ಅಂತ ಒಬ್ಬರು, ಸ್ಕಾಟ್ಲೆಂಡಿನ ಕಲ್ಲಿದ್ದಲು ಹಳ್ಳಿಯವರು, 1959ರಿಂದ 1974ರವರೆಗೆ ಅಲ್ಲಿ ಮ್ಯಾನೇಜರ್. ಅಭಿಮಾನಿಗಳ ಪತ್ರಗಳಿಗೆ ತಾವೇ ಟೈಪ್ ರೈಟರ್ ಮುಂದೆ ಕೂತು ಉತ್ತರ ಕುಟ್ಟುತ್ತಿದ್ದರು. ಮೂರು ಸಲ ಲೀಗ್ ಗೆದ್ದರು. ಆಮೇಲೆ ಬಂದ ಬಾಬ್ ಪೈಸ್ಲಿ ಒಂಬತ್ತೇ ವರ್ಷದಲ್ಲಿ ಆರು ಲೀಗ್, ಮೂರು ಯುರೋಪಿಯನ್ ಕಪ್ ಗೆದ್ದರು. ಕಪ್ ತೂಗಿದರೆ ಪೈಸ್ಲಿ ತಕ್ಕಡಿಯೇ ಕೆಳಗೆ. ಆದರೂ ಹಾಡು, ಕತೆ, ಕಣ್ಣೀರು ಹೆಚ್ಚಾಗಿ ಶ್ಯಾಂಕ್ಲಿಯ ಪಾಲಿಗೆ ಬಂದವು. ಮೈದಾನದ ಹೊರಗಿನ ಅವರ ಪ್ರತಿಮೆಯ ಕೆಳಗೆ ಎಷ್ಟು ಕಪ್ ಅಂತ ಬರೆದಿಲ್ಲ. ಆತ ಜನರನ್ನು ಸಂತೋಷಪಡಿಸಿದ ಅಂತ ಬರೆದಿದೆ. ಪೈಸ್ಲಿಗೆ ಅನ್ಯಾಯವಾಯಿತು ಅಂತ ನನಗೂ ಅನಿಸುತ್ತದೆ. ಪ್ರೀತಿ ನ್ಯಾಯಾಲಯವಲ್ಲ, ಏನು ಮಾಡೋಣ.

ಕ್ಲಾಪ್ 2015ರ ಅಕ್ಟೋಬರಿನಲ್ಲಿ ಲಿವರ್‌ಪೂಲಿಗೆ ಬಂದ. ನಡುವೆ ಡಾರ್ಟ್‌ಮುಂಡ್‌ನಲ್ಲಿ ಎರಡು ಸಲ ಜರ್ಮನಿಯ ಲೀಗ್ ಗೆದ್ದಿದ್ದ. ಕೊನೆಯ ಸೀಸನ್ನಿನಲ್ಲಿ ಅದೇ ತಂಡ ಪಟ್ಟಿಯ ತಳ ಮುಟ್ಟಿಯೂ ಬಂದಿತ್ತು. ಬಂದ ಎರಡು ತಿಂಗಳಿಗೆ, ಡಿಸೆಂಬರ್ 13ಕ್ಕೆ, ವೆಸ್ಟ್ ಬ್ರಾಮ್ ಎಂಬ ತಂಡದ ವಿರುದ್ಧ ಕೊನೆಯ ಗಳಿಗೆಯ ಗೋಲಿನಿಂದ ಪಂದ್ಯ 2–2 ಸಮವಾಯಿತು. ಬರೀ ಸಮ. ಕ್ಲಾಪ್ ಆಟಗಾರರನ್ನೆಲ್ಲ ಕರೆದು, ಕೈಕೈ ಹಿಡಿಸಿ ಸಾಲಾಗಿ ನಿಲ್ಲಿಸಿ, ಕಾಪ್ ಎಂಬ ಆ ಕಡೆಯ ಗ್ಯಾಲರಿಯ ಮುಂದೆ ಕೈ ಎತ್ತಿಸಿದ. ಟೀವಿಯ ಪಂಡಿತರು ನಕ್ಕರು. ಡ್ರಾ ಆದದ್ದಕ್ಕೆ ಇಷ್ಟು ಕುಣಿತವೆ ಅಂದರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಈಗ ಅನಿಸುತ್ತದೆ, ಬೀಜ ಬಿತ್ತಿದ್ದು ಆ ಸಂಜೆಯೇ. ಗೆದ್ದಾಗ ಜನರಿಗೆ ಕೈಬೀಸಿ ಹೋಗುವವರು ಬೇಕಾದಷ್ಟು ಮಂದಿ. ಈ ಗೋಲು ನಿಮ್ಮ ಕೂಗಿನಿಂದ ಬಂತು ಅಂತ ಅರ್ಧಂಬರ್ಧ ಫಲದ ದಿನವೇ ಬಂದು ಹೇಳಿದವನು ಈತ. ಫಸಲು ಬಂದ ಮೇಲೆ ಕೂಲಿಯವರಿಗೆ ಪಾಯಸ ಹಾಕಿಸುವುದು ಬೇರೆ, ಕೊಳೆರೋಗ ಹತ್ತಿದ ವರ್ಷವೂ ಅವರ ಪಂಕ್ತಿಯಲ್ಲೇ ಕೂತು ಉಣ್ಣುವುದು ಬೇರೆ.

ಸೋಲಲ್ಲೂ ಹಾಗೇ. 2013ರಲ್ಲಿ ಡಾರ್ಟ್‌ಮುಂಡ್ ಜೊತೆ, 2016 ಮತ್ತು 2018ರಲ್ಲಿ ಲಿವರ್‌ಪೂಲ್ ಜೊತೆ: ಯುರೋಪಿನ ಮೂರು ಫೈನಲ್, ಮೂರೂ ಸೋಲು. 2018ರ ಮೇ ತಿಂಗಳಲ್ಲಿ ಕೀವ್ ನಗರದಲ್ಲಿ ರಿಯಲ್ ಮ್ಯಾಡ್ರಿಡ್ 3–1ರಿಂದ ಸೋಲಿಸಿದ ಮರುದಿನ ಬೆಳಗಿನ ಜಾವ ಒಂದು ವಿಡಿಯೋ ಬಂತು. ಕ್ಲಾಪ್ ಗೆಳೆಯರ ಹೆಗಲ ಮೇಲೆ ಕೈಹಾಕಿಕೊಂಡು ಹಾಡುತ್ತಿದ್ದಾನೆ, ಅದೃಷ್ಟ ಅವರದಾಯಿತು, ಕಪ್ಪನ್ನು ನಾವು ವಾಪಸ್ ತಂದೇ ತರುತ್ತೇವೆ ಅಂತ. ಒಂದು ವರ್ಷಕ್ಕೆ ತಂದ.

ಆ ವರ್ಷದ ಸೆಮಿಫೈನಲ್ ಕತೆ ಹೇಳದೆ ಇಳಿದರೆ ನನ್ನ ಅಳಿಯ ನನ್ನನ್ನು ಮನೆಗೆ ಸೇರಿಸುವುದಿಲ್ಲ. ಎರಡು ಪಂದ್ಯದ ಗೋಲು ಕೂಡಿಸಿ ಯಾರದು ಹೆಚ್ಚೋ ಅವರು ಫೈನಲ್ಲಿಗೆ. ಮೊದಲ ಪಂದ್ಯ ಬಾರ್ಸಿಲೋನಾಕ್ಕೆ 3–0. ಎರಡನೆಯದು 2019ರ ಮೇ 7, ನಮಗೆ ಮಧ್ಯರಾತ್ರಿ ಹನ್ನೆರಡೂವರೆ. ಗೋಲು ಹೊಡೆಯುವ ಸಲಾ ಇಲ್ಲ, ಫಿರ್ಮಿನೋ ಇಲ್ಲ. ಆಗದಿದ್ದರೆ ಅತ್ಯಂತ ಸುಂದರವಾಗಿ ಸೋಲೋಣ ಅಂತ ಕ್ಲಾಪ್ ಹುಡುಗರಿಗೆ ಹೇಳಿದನಂತೆ. ನಮ್ಮಲ್ಲಿ ಮುಂಗಾರಿಗೆ ಮುಂಚಿನ ಗುಡುಗು. ಎರಡನೇ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ನಮ್ಮೂರಲ್ಲಿ ಸಿಗ್ನಲ್ ಬೇಕಾದರೆ ಗುಡ್ಡದ ತಲೆಯ ಗೇರುಮರದ ಬುಡಕ್ಕೆ ಹೋಗಬೇಕು. ಮಾವ–ಅಳಿಯ ಇಬ್ಬರೂ ಟಾರ್ಚ್ ಹಿಡಿದು ಹತ್ತಿದೆವು. ನಾನು ಉಂಬಳ ಕಿತ್ತು ಹಾಕುತ್ತಿದ್ದಾಗ ಅಳಿಯ ಕೂಗಿದ. ಹುಡುಗನೊಬ್ಬ ಕಾರ್ನರ್ ಬಿಟ್ಟು ಹೋಗುವವನಂತೆ ಹೆಜ್ಜೆ ಹಾಕಿ, ತಟ್ಟನೆ ತಿರುಗಿ ಚೆಂಡು ಒದ್ದಿದ್ದ, ಬಾರ್ಸಿಲೋನಾದವರು ಇನ್ನೂ ಬೆನ್ನು ತಿರುಗಿಸಿಕೊಂಡಿದ್ದರು, ಒರಿಗಿ ಗೋಲು. 4–0. ಕೆಳಗಿನ ಮನೆಯವರು ಕಾಡುಹಂದಿ ತೋಟಕ್ಕೆ ನುಗ್ಗಿತು ಅಂದುಕೊಂಡು ಗರ್ನಾಲು ಹೊಡೆದರು. ನಮ್ಮ ಪಾಲಿಗೆ ಅದೇ ವಿಜಯೋತ್ಸವ.

ಕತ್ತಲಲ್ಲಿ ಇಳಿಯುವಾಗ ಅಪ್ಪನ ಹಿಂದೆ ಕಂಬಳಿ ಹೊದ್ದು ನಡೆದ ರಾತ್ರಿಗಳು ನೆನಪಾದವು. ಆಗಲೂ ಹೀಗೇ, ಆಟ ಮುಗಿದ ಮೇಲೂ ಕಿವಿಯಲ್ಲಿ ತಾಳ.

ಲೀಗ್ ಗೆದ್ದದ್ದು 2020ರಲ್ಲಿ, 99 ಅಂಕ. ಅದಕ್ಕೂ ಹಿಂದಿನ ವರ್ಷ 97 ಅಂಕ ಗಳಿಸಿಯೂ ಒಂದು ಅಂಕದಿಂದ ಎರಡನೇ ಸ್ಥಾನ. ಮೂವತ್ತು ವರ್ಷ ಕಾದ ಜನ. ಗೆದ್ದಾಗ ಮೈದಾನದಲ್ಲಿ ಒಬ್ಬರೂ ಇಲ್ಲ. ಕೊರೊನಾ. ಆ ವರ್ಷ ನಮ್ಮ ಮೇಳಗಳೂ ಮಾರ್ಚಿನಲ್ಲೇ ಗೆಜ್ಜೆ ಬಿಚ್ಚಿದವು. ಕಾಯಿಲೆಯ ಬಗ್ಗೆ ಪತ್ರಕರ್ತರು ಕೇಳಿದಾಗ, ನಾನು ಟೋಪಿ ಹಾಕಿದ, ಗಡ್ಡ ನೆಟ್ಟಗೆ ಹೆರೆಯದ ಮನುಷ್ಯ, ನನ್ನನ್ನೇಕೆ ಕೇಳುತ್ತೀರಿ, ತಿಳಿದವರನ್ನು ಕೇಳಿ ಅಂದಿದ್ದ ಕ್ಲಾಪ್. ಎಲ್ಲರೂ ಕಷಾಯದ ಪಾಠ ಹೇಳುತ್ತಿದ್ದ ಆ ತಿಂಗಳಲ್ಲಿ ಈ ಮಾತು ನನಗೆ ಕಪ್ಪಿಗಿಂತ ದೊಡ್ಡದಾಗಿ ಕಂಡಿತು. ಜುಲೈ 22ರಂದು ಖಾಲಿ ಕಾಪ್ ಗ್ಯಾಲರಿಯಲ್ಲೇ ವೇದಿಕೆ ಕಟ್ಟಿ ಕಪ್ ಎತ್ತಿದರು. ಜನರ ಕೂಗಿನಿಂದಲೇ ಆಟ ಕಟ್ಟಿದವನಿಗೆ ಕೂಗಿಲ್ಲದ ಗೆಲುವು. ಪ್ರೇಕ್ಷಕರಿಲ್ಲದ ಬಯಲಿನಲ್ಲಿ ಭಾಗವತರು ಮಂಗಳ ಹಾಡಿದ ಹಾಗೆ.

ಲೆಕ್ಕಕ್ಕೆ ಬಂದರೆ ಅವನ ಕಾಲದಲ್ಲಿ ಲಿವರ್‌ಪೂಲಿಗೆ ಸಿಕ್ಕ ಲೀಗ್ ಅದೊಂದೇ. ಅದೇ ಅವಧಿಯಲ್ಲಿ ಗ್ವಾರ್ಡಿಯೋಲಾರ ಮ್ಯಾಂಚೆಸ್ಟರ್ ಸಿಟಿ ಆರು ಗೆದ್ದಿತು.

ಈ ಪ್ರೀತಿಗೆ ಇನ್ನೊಂದು ಮುಖವೂ ಇದೆ, ಅದು ಅಷ್ಟು ಚಂದವಿಲ್ಲ. ಪ್ರೀತಿಸಿದವರು ಹಕ್ಕು ಚಲಾಯಿಸುತ್ತಾರೆ. ತ್ರಾಣ ಮುಗಿಯುತ್ತಿದೆ ಅಂತ ಹೇಳಿ 2024ರಲ್ಲಿ ಕೆಲಸ ಬಿಟ್ಟವನು, ಕೆಲವೇ ತಿಂಗಳಲ್ಲಿ ರೆಡ್ ಬುಲ್ ಕಂಪನಿಯ ಫುಟ್‌ಬಾಲ್ ಮುಖ್ಯಸ್ಥನಾಗಲು ಒಪ್ಪಿದ. ಕ್ಲಬ್ ಅಂದರೆ ಊರಿನ ಸೊತ್ತು, ಕಂಪನಿಯ ಜಾಹೀರಾತಲ್ಲ ಅಂತ ನಂಬಿದ ಜರ್ಮನ್ ಅಭಿಮಾನಿಗಳಿಗೆ ಅದು ಬೆನ್ನಿಗೆ ಚೂರಿ. ಅವನನ್ನು ಬೆಳೆಸಿದ ಮೈಂಝ್‌ನವರೇ ಬ್ಯಾನರ್ ಎತ್ತಿ ಬೈದರು. ನನ್ನ ಅಳಿಯ ಗೋಡೆಯ ಚಿತ್ರ ಕಿತ್ತು ಹಾಕಿದ. ನಾನು ಅದನ್ನು ಎತ್ತಿಕೊಂಡು ಅಡಿಕೆ ಲೆಕ್ಕದ ಪುಸ್ತಕದೊಳಗೆ ಇಟ್ಟಿದ್ದೇನೆ. ಮೇಳ ಬದಲಿಸಿದ ಭಾಗವತರನ್ನು ನಮ್ಮಪ್ಪನೂ ಒಂದು ತಿರುಗಾಟ ಪೂರ್ತಿ ಬೈದಿದ್ದರು. ಮುಂದಿನ ವರ್ಷ ಟಾರ್ಚಿಗೆ ಹೊಸ ಸೆಲ್ ಹಾಕಿಸಿಕೊಂಡು ಅವರೇ ಮೊದಲು ಹೊರಟದ್ದು.

2024ರ ಮೇ 19, ಕೊನೆಯ ಪಂದ್ಯ. ಮುಗಿದ ಮೇಲೆ ಕ್ಲಾಪ್ ಮೈಕ್ ಹಿಡಿದ. ಜನ ತನ್ನ ಹೆಸರು ಹಾಡಲು ಕಾದಿದ್ದಾರೆ, ಅಳುತ್ತಿದ್ದಾರೆ. ಆತ ಅದೇ ಧಾಟಿಗೆ ಬೇರೆ ಹೆಸರು ಹಾಕಿ ತಾನೇ ಹಾಡತೊಡಗಿದ: ಆರ್ನೆ ಸ್ಲಾಟ್. ಮುಂದೆ ಬರಲಿದ್ದ ಮ್ಯಾನೇಜರ್, ಇನ್ನೂ ಕೆಲಸಕ್ಕೇ ಸೇರಿರದ ಮನುಷ್ಯ. ಮೈದಾನ ಪೂರ್ತಿ ಕಣ್ಣೊರೆಸಿಕೊಳ್ಳುತ್ತಲೇ ಆ ಹೆಸರನ್ನು ಹಾಡಿತು.

ಮರುವರ್ಷ, 2025ರ ಏಪ್ರಿಲ್ 27ಕ್ಕೆ ಸ್ಲಾಟ್‌ನ ತಂಡ ಟಾಟನ್‌ಹ್ಯಾಮನ್ನು 5–1ರಿಂದ ಸೋಲಿಸಿ ಲೀಗ್ ಗೆದ್ದಿತು. ಈ ಸಲ ಗ್ಯಾಲರಿ ತುಂಬಿ ತುಳುಕುತ್ತಿತ್ತು. ಮೈಕ್ ಸ್ಲಾಟ್ ಕೈಗೆ ಬಂತು. ಇಂಗ್ಲೆಂಡಿನಲ್ಲಿ ಅವನ ಮೊದಲ ಲೀಗ್, ಮೊದಲ ವರ್ಷ. ತನ್ನ ಬಗ್ಗೆ ಏನು ಬೇಕಾದರೂ ಹೇಳಿಕೊಳ್ಳಬಹುದಿತ್ತು. ಬೋಳುತಲೆಯ ಆ ಸಂಕೋಚದ ಡಚ್ ಮನುಷ್ಯ ಅದೇ ಧಾಟಿ ಎತ್ತಿ, ಸ್ವಲ್ಪ ಅಪಸ್ವರದಲ್ಲೇ, ಯೂರ್ಗೆನ್ ಕ್ಲಾಪ್ ಹೆಸರು ಹಾಡಿದ. ಅಳಿಯ ಟೀವಿಯಿಂದ ಕಣ್ಣು ತೆಗೆಯದೆ ಕೇಳಿದ, 'ಮಾವ, ಆ ಚಿತ್ರ ಎಲ್ಲಿಟ್ಟಿದ್ದೀರಿ?'