ಟೀವಿಯಲ್ಲಿ ಕಾಣದ ಕುಸ್ತಿ

ಕೇಳುಗರಿಗೆ ನಮಸ್ಕಾರ.

ತೊಂಬತ್ತರ ದಶಕದಲ್ಲಿ ಕೇಬಲ್ ಟೀವಿ ನೋಡಿ ಬೆಳೆದವರಿಗೆ ಡಬ್ಲ್ಯೂಡಬ್ಲ್ಯೂಎಫ್ ಎಂಬ ಅಮೆರಿಕದ ಕುಸ್ತಿ ಕಂಪನಿಯ ಬಗ್ಗೆ ಹೇಳಬೇಕಿಲ್ಲ. ಅಂಡರ್‌ಟೇಕರ್, ಬ್ರೆಟ್ ಹಾರ್ಟ್ ಇವರ ಎತ್ತರ, ತೂಕವನ್ನೆಲ್ಲ ಟ್ರಂಪ್ ಕಾರ್ಡು ನೋಡಿ ಬಾಯಿಪಾಠ ಮಾಡಿದವರು ನೀವು. ಅದು ಕುಸ್ತಿಯೋ ನಾಟಕವೋ ಎಂಬ ಜಗಳ ಇವತ್ತು ಬೇಡ. ಗೆಲ್ಲುವುದು ಯಾರು ಅಂತ ಮೊದಲೇ ತೀರ್ಮಾನ ಆಗಿರುತ್ತದೆ, ಬೀಳುವಾಗ ನೋಯುವುದು ಮಾತ್ರ ನಿಜ. ಅಷ್ಟು ಒಪ್ಪಿಕೊಂಡು ಮುಂದೆ ಹೋಗೋಣ.

ನಾನು ಹೇಳಹೊರಟಿರುವುದು ಆ ಆಟ ಕ್ಯಾಸೆಟ್ಟಾಗಿ, ಡಿವಿಡಿಯಾಗಿ ಅಂಗಡಿಗೆ ಬಂದ ಕಥೆ. ಟೀವಿಯಲ್ಲಿ ಬಂದದ್ದೇ ಕ್ಯಾಸೆಟ್ಟಿನಲ್ಲೂ ಇರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಎಷ್ಟೋ ಸಲ ಹಾಗಿರಲಿಲ್ಲ. ಒಂದೊಂದು ಸಲ ಜಾಸ್ತಿ ಇರುತ್ತಿತ್ತು, ಇನ್ನೊಂದು ಸಲ ಕಡಿಮೆ.

ಅಮೆರಿಕದಲ್ಲಿ ಕೊಲಿಸಿಯಂ ವಿಡಿಯೋ ಎಂಬ ಕಂಪನಿ 1985ರಲ್ಲಿ ಡಬ್ಲ್ಯೂಡಬ್ಲ್ಯೂಎಫ್‌ನ ಕ್ಯಾಸೆಟ್ಟುಗಳನ್ನು ತರಲು ಶುರು ಮಾಡಿತು. ಪುಸ್ತಕದ ಹಾಗೆ ತೆರೆದುಕೊಳ್ಳುವ ದಪ್ಪ ಪ್ಲಾಸ್ಟಿಕ್ ಡಬ್ಬಿ, ಮೇಲೆ ಬಣ್ಣಬಣ್ಣದ ಚಿತ್ರ. ಬಾಡಿಗೆ ಅಂಗಡಿಗಳ ಕಪಾಟಿನಲ್ಲಿ ಅದು ದೂರದಿಂದಲೇ ಗುರುತು ಸಿಗುತ್ತಿತ್ತು. ಆ ಕಾಲದಲ್ಲಿ ವಾರವಾರ ಟೀವಿಯಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಸಪ್ಪೆ ಆಟ. ದೊಡ್ಡ ಹೆಸರಿನವನೊಬ್ಬ ಬಂದು, ಹೆಸರೇ ಕೇಳದ ಒಬ್ಬ ಬಡಪಾಯಿಯನ್ನು ಎತ್ತಿ ಬಿಸಾಕಿ ಹೋಗುವುದು. ದೊಡ್ಡವರಿಬ್ಬರ ಸೆಣಸಾಟ ನೋಡಬೇಕಾದರೆ ಟಿಕೆಟ್ ಕೊಂಡು ಹೋಗಬೇಕು. ಅವರ ಅತಿ ದೊಡ್ಡ ಶೋ ರೆಸಲ್‌ಮೇನಿಯಾ ಮೊದಲ ಸಲ ನಡೆದದ್ದು 1985ರ ಮಾರ್ಚ್ 31ರಂದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ಬೇರೆ ಊರಿನ ಜನ ಅದನ್ನು ನೋಡಿದ್ದು ಸಭಾಂಗಣಗಳಲ್ಲಿ ಹಾಕಿದ ದೊಡ್ಡ ಪರದೆಯ ಮೇಲೆ. ಅಲ್ಲಿಗೂ ಹೋಗಲಾಗದವರು ಕ್ಯಾಸೆಟ್ಟಿಗೆ ಕಾದರು.

ಕ್ಯಾಸೆಟ್ಟು ಕೊಳ್ಳುವವರಿಗೆ ಕಂಪನಿ ಒಂದು ಆಸೆಯನ್ನೂ ತೋರಿಸಿತು. ಟೀವಿಗೆ ಚಿತ್ರೀಕರಣ ನಡೆಯುವ ರಾತ್ರಿಗಳಲ್ಲೇ, ಟೀವಿಗೆ ಕೊಡದ ಕೆಲವು ಆಟಗಳನ್ನು ಕ್ಯಾಸೆಟ್ಟಿಗೆ ಅಂತಲೇ ಆಡಿಸಿ ಎತ್ತಿಡುತ್ತಿದ್ದರು. ಅವುಗಳಲ್ಲಿ ಒಂದರ ಕಥೆ ಸ್ವಾರಸ್ಯವಾಗಿದೆ. ರಿಂಗಿನ ಮೇಲೆ ಚಾಂಪಿಯನ್ನರ ಬೆಲ್ಟನ್ನು ತೂಗುಹಾಕಿ, ಏಣಿ ಹತ್ತಿ ಅದನ್ನು ಕಿತ್ತುಕೊಂಡವನೇ ಗೆದ್ದ ಎನ್ನುವ ಲ್ಯಾಡರ್ ಮ್ಯಾಚ್ ನಿಮಗೆ ಗೊತ್ತಿರಬಹುದು. 1994ರ ಮಾರ್ಚಿನಲ್ಲಿ ರೇಜರ್ ರಾಮೋನ್ ಮತ್ತು ಶಾನ್ ಮೈಕಲ್ಸ್ ಆಡಿದ್ದೇ ಮೊದಲನೆಯದು ಅಂತ ಬಹಳ ಜನ ಹೇಳುತ್ತಾರೆ. ಅದಕ್ಕೂ ಮೊದಲು, 1992ರ ಜುಲೈನಲ್ಲಿ, ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಬ್ರೆಟ್ ಹಾರ್ಟ್ ಇದೇ ಶಾನ್ ಮೈಕಲ್ಸ್ ಜೊತೆ ಏಣಿ ಹತ್ತಿ ಆಡಿದ್ದರು. ಟೀವಿಯಲ್ಲಿ ಅದು ಬರಲಿಲ್ಲ, ಮರುವರ್ಷ ಕ್ಯಾಸೆಟ್ಟಿನಲ್ಲಿ ಬಂತು. ಇದೇ ಬ್ರೆಟ್ ಹಾರ್ಟ್ ರಿಕ್ ಫ್ಲೇರ್ ಅವರನ್ನು ಸೋಲಿಸಿ ಮೊದಲ ಸಲ ಚಾಂಪಿಯನ್ ಆದದ್ದು 1992ರ ಅಕ್ಟೋಬರ್ 12ರಂದು, ಕೆನಡಾದ ಸ್ಯಾಸ್ಕಟೂನ್‌ನಲ್ಲಿ. ಟೀವಿ ನಂಬಿಕೊಂಡಿದ್ದವರಿಗೆ ಕಂಡದ್ದು, ಬೆಲ್ಟು ಬೇರೆಯವರ ಸೊಂಟದಲ್ಲಿದೆ ಎಂಬುದಷ್ಟೇ. ಪೂರ್ತಿ ಆಟ ನೋಡಿದ್ದು ಕ್ಯಾಸೆಟ್ಟು ತಂದವರು.

ಇದು ಜಾಸ್ತಿ ಸಿಕ್ಕಿದ ಕಥೆ. ಕಡಿಮೆಯಾದ ಕಥೆ ಇನ್ನೂ ಉದ್ದ.

ಜೆಸ್ಸಿ ವೆಂಚುರಾ ಎಂಬವರಿದ್ದರು. ಕುಸ್ತಿ ಬಿಟ್ಟು ಕಾಮೆಂಟರಿಗೆ ಬಂದವರು. ಖಳನಾಯಕರ ಪರ ವಹಿಸಿ ಮಾತಾಡುವುದು ಅವರ ಸ್ಟೈಲು. ವಿಡಿಯೋ ಮಾರಾಟದಲ್ಲಿ ತನಗೂ ಪಾಲು ಬರಬೇಕಲ್ಲ ಎಂದು ಕೇಳಿದಾಗ, ಅದು ಮುಖ್ಯ ಪಾತ್ರದವರಿಗೆ ಮಾತ್ರ ಎಂಬ ಉತ್ತರ ಬಂತಂತೆ. ಅದು ಸುಳ್ಳು ಎಂದು ಗೊತ್ತಾದ ಮೇಲೆ ಅವರು ಕೋರ್ಟಿಗೆ ಹೋದರು, ಗೆದ್ದರು. ಸಿಕ್ಕಿದ್ದು 8 ಲಕ್ಷ ಡಾಲರಿಗೂ ಹೆಚ್ಚು. ಆಮೇಲೆ ಬಂದ ಕೆಲವು ಬಿಡುಗಡೆಗಳಲ್ಲಿ ಅವರ ದನಿಯೇ ಮಾಯ. ಚಿತ್ರ ಅದೇ, ಮಾತು ಬೇರೆ ಯಾರದ್ದೋ. ಈ ಮನುಷ್ಯ ಮುಂದೆ ಮಿನೆಸೋಟ ರಾಜ್ಯದ ಗವರ್ನರೂ ಆದರು ಅನ್ನಿ.

ಹಾಡಿನದ್ದೂ ಇದೇ ಪಾಡು. ಫಿಲಡೆಲ್ಫಿಯಾದ ಇಸಿಡಬ್ಲ್ಯೂ ಎಂಬ ಇನ್ನೊಂದು ಕುಸ್ತಿ ಕಂಪನಿಯಲ್ಲಿ ಸ್ಯಾಂಡ್‌ಮನ್ ಎಂಬವನು ಮೆಟಾಲಿಕಾ ತಂಡದ ಹಾಡಿಗೆ ಬಿಯರ್ ಕುಡಿಯುತ್ತಾ, ಕೈಯಲ್ಲಿ ಬೆತ್ತ ಹಿಡಿದು, ಜನರ ನಡುವಿನಿಂದ ಬರುತ್ತಿದ್ದ. ಬರುವುದೇ ಒಂದು ಆಟ. ಇಡೀ ಸಭಾಂಗಣ ಹಾಡುತ್ತಿತ್ತು. ಮುಂದೆ ಡಬ್ಲ್ಯೂಡಬ್ಲ್ಯೂಇ (ಡಬ್ಲ್ಯೂಡಬ್ಲ್ಯೂಎಫ್‌ನ ಈಗಿನ ಹೆಸರು) ಆ ಹಳೆಯ ದೃಶ್ಯಗಳನ್ನು ಡಿವಿಡಿಗೆ ಹಾಕುವಾಗ, ಹಾಡಿನ ಹಕ್ಕು ಇಲ್ಲದೆ ಆ ಹಾಡು ಹೋಗಿ, ಯಾವುದೋ ಬಾಡಿಗೆ ಗಿಟಾರು ಬಂತು. ಜನರ ಬಾಯಿ ಒಂದು ಹಾಡಿಗೆ ಆಡುತ್ತಿದೆ, ಕಿವಿಗೆ ಬೀಳುವುದು ಇನ್ನೊಂದು. ಹಾಡು, ಕಾಮೆಂಟರಿ, ಜನರ ಕೂಗು ಎಲ್ಲ ಒಂದೇ ಟ್ರ್ಯಾಕಿನಲ್ಲಿ ಕಲೆತಿದ್ದರೆ ಹಾಡೊಂದನ್ನೇ ತೆಗೆಯಲು ಬರುವುದಿಲ್ಲ, ಮೂರೂ ಹೋಗುತ್ತವೆ. ಇಂಥ ಡಿವಿಡಿಗಳನ್ನು ನೋಡುವುದಕ್ಕಿಂತ ಮಸುಕಾದ ಹಳೆಯ ಟೇಪೇ ವಾಸಿ ಅಂತ ನನಗೆ ಅನಿಸುತ್ತದೆ.

ಇನ್ನು ಹೆಸರಿನ ಜಗಳ. ಪಾಂಡಾ ಗುರುತಿನ ವನ್ಯಜೀವಿ ಸಂಸ್ಥೆಗೂ ಡಬ್ಲ್ಯೂಡಬ್ಲ್ಯೂಎಫ್ ಅಂತಲೇ ಹೆಸರು. ಅವರು ಲಂಡನ್ನಿನ ಕೋರ್ಟಿನಲ್ಲಿ ಗೆದ್ದರು. 2002ರ ಮೇ ತಿಂಗಳಲ್ಲಿ ಕುಸ್ತಿಯವರು ಡಬ್ಲ್ಯೂಡಬ್ಲ್ಯೂಇ ಆದರು. ಹಳೆಯ ಆಟಗಳನ್ನು ಮತ್ತೆ ಮಾರಬೇಕಾದರೆ ಅದರಲ್ಲಿನ ಆ ಲೋಗೋ ಕಾಣಬಾರದು, ಆ ಮೂರಕ್ಷರ ಕೇಳಬಾರದು. ಆ ಲೋಗೋ ಇದ್ದದ್ದು ಸ್ಟೋನ್ ಕೋಲ್ಡ್, ರಾಕ್ ಎಂಬ ಕುಸ್ತಿಪಟುಗಳ ಭರ್ಜರಿ ಕಾಲದಲ್ಲಿ ನೋಡಿ. ರಿಂಗಿನ ಕಂಬ, ಮೈಕು, ನೋಡಲು ಬಂದವರ ಟೀ ಶರ್ಟು, ಎಲ್ಲೆಲ್ಲೂ ಲೋಗೋ. ಎಲ್ಲದಕ್ಕೂ ಮಬ್ಬು ಬಳಿದರು. ಕಾಮೆಂಟರಿ ನಡುನಡುವೆ ತುಂಡಾಗುತ್ತಿತ್ತು. 2012ರಲ್ಲಿ ಎರಡೂ ಕಡೆ ರಾಜಿಯಾಗುವ ತನಕ ಇದೇ ಗೋಳು. ಈ ನಡುವೆ ಬ್ರಿಟನ್ನಿನ ಸಿಲ್ವರ್ ವಿಷನ್ ಎಂಬ ಕಂಪನಿ ಹಳೆಯ ಶೋಗಳನ್ನು ಮಬ್ಬು ಬಳಿಯದೆ, ಎರಡೆರಡು ಜೋಡಿಸಿ ಡಿವಿಡಿ ತಂದಿತು. ಅಮೆರಿಕದ ಅಭಿಮಾನಿಗಳು ತಮ್ಮದೇ ದೇಶದ ಕುಸ್ತಿಯನ್ನು ಇಂಗ್ಲೆಂಡಿನಿಂದ ತರಿಸಿಕೊಂಡು ನೋಡಿದರು!

ಕಪಾಟಿಗೆ ಬಾರದೇ ಹೋದ ಶೋ ಕೂಡ ಇದೆ. 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ ಬ್ರೆಟ್ ಅವರ ತಮ್ಮ ಓವನ್ ಹಾರ್ಟ್, ಛಾವಣಿಯಿಂದ ಹಗ್ಗದಲ್ಲಿ ಇಳಿದು ಬರಬೇಕಿದ್ದವರು, ಬಿದ್ದು ತೀರಿಕೊಂಡರು. ಆ ಕ್ಷಣ ಟೀವಿಯಲ್ಲಿ ಬೇರೇನೋ ಓಡುತ್ತಿತ್ತು, ಹಾಗಾಗಿ ಮನೆಯಲ್ಲಿದ್ದವರು ಬಿದ್ದದ್ದನ್ನು ನೋಡಲಿಲ್ಲ. ಶೋ ಮುಂದುವರಿಯಿತು. ಅದನ್ನು ಮುಂದುವರಿಸಿದ್ದು ತಪ್ಪು ಎಂದೇ ನನ್ನ ಅನಿಸಿಕೆ. ಆದರೆ ಅದನ್ನು ಕ್ಯಾಸೆಟ್ಟು ಮಾಡಿ ಮಾರಲಿಲ್ಲ. 2014ರಲ್ಲಿ ಇಂಟರ್ನೆಟ್ಟಿನಲ್ಲಿ ನೋಡುವ ಕಂಪನಿಯ ಸ್ವಂತ ನೆಟ್‌ವರ್ಕ್ ಶುರುವಾದ ಮೇಲೆ ಕತ್ತರಿಸಿದ ರೂಪದಲ್ಲಿ ಬಂತು.

ಆ ನೆಟ್‌ವರ್ಕ್ ಬಂದ ಮೇಲೆ ಡಿವಿಡಿ ಸೊರಗಿತು. ಎಲ್ಲವೂ ತಿಂಗಳಿಗೆ 10 ಡಾಲರಿಗೆ ಸಿಗುತ್ತಿದ್ದಾಗ ಡಬ್ಬಿ ಕೊಳ್ಳುವವರು ಯಾರು? ನಮ್ಮಲ್ಲೂ 2025ರ ಏಪ್ರಿಲಿನಿಂದ ಡಬ್ಲ್ಯೂಡಬ್ಲ್ಯೂಇ ನೋಡಬೇಕಾದರೆ ನೆಟ್‌ಫ್ಲಿಕ್ಸ್.

ಆದರೆ ಕತ್ತರಿ ಇಂಟರ್ನೆಟ್ಟಿಗೂ ಬಂತು. 1990ರ ರೆಸಲ್‌ಮೇನಿಯಾದಲ್ಲಿ ರಾಡಿ ಪೈಪರ್ ಅರ್ಧ ಮೈಗೆ ಕಪ್ಪು ಬಣ್ಣ ಬಳಿದುಕೊಂಡು, ಬ್ಯಾಡ್ ನ್ಯೂಸ್ ಬ್ರೌನ್ ಎಂಬ ಕರಿಯ ಕುಸ್ತಿಪಟುವಿನ ಎದುರು ಆಡಿದ್ದರು. ಬ್ರೌನ್ ಸಾಮಾನ್ಯರೇನಲ್ಲ, 1976ರ ಒಲಿಂಪಿಕ್ಸ್‌ನಲ್ಲಿ ಜೂಡೋ ಕಂಚು ಗೆದ್ದವರು. ಆ ಬಣ್ಣ ಅವತ್ತೂ ಅಸಹ್ಯ, ಇವತ್ತೂ ಅಸಹ್ಯ. 2021ರಲ್ಲಿ ಹಳೆಯ ಶೋಗಳೆಲ್ಲ ಅಮೆರಿಕದಲ್ಲಿ ಪೀಕಾಕ್ ಎಂಬ ಸ್ಟ್ರೀಮಿಂಗ್ ಸೇವೆಗೆ ಹೋದಾಗ ಆ ಆಟವನ್ನೇ ತೆಗೆದುಹಾಕಿದರು. ಅಲ್ಲಿ ನೋಡಿದವರಿಗೆ ಅಂಥದ್ದೊಂದು ನಡೆದೇ ಇಲ್ಲವೇನೋ ಅನ್ನಿಸಬೇಕು, ಹಾಗೆ. ಕಂಪನಿ ತಾನೇ ಮಾಡಿ ಮಾರಿದ್ದಕ್ಕೆ ಒಳ್ಳೆಯ ಸಾಕ್ಷಿ ಹಳೆಯ ಕ್ಯಾಸೆಟ್ಟು.

ನಿಮ್ಮ ಅಟ್ಟದ ಮೇಲೂ ಅಂಥದ್ದೊಂದು ಇದ್ದರೆ, ಪ್ಲೇಯರಿಗೆ ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಿ. ರೀಲಿನ ಮೇಲೆ ಬಿಳಿ ಬೂಷ್ಟು ಕಂಡರೆ ಹಾಕಬೇಡಿ, ಪ್ಲೇಯರಿನ ಹೆಡ್ಡೂ ಕೆಡುತ್ತದೆ. ನಮಸ್ಕಾರ.