ಟಿಕೆಟ್ಟಿನ ಹೊತ್ತು, ಆಕಾಶದ ಹೊತ್ತು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಿಂದ ಮಧ್ಯಾಹ್ನ ಎರಡಕ್ಕೆ ಹೊರಡುವ ನೇರ ವಿಮಾನ, ಅದೇ ದಿನ ಸಂಜೆ ನಾಲ್ಕೂವರೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತದೆ ಎಂದುಕೊಳ್ಳಿ. ಟಿಕೆಟ್ ನೋಡಿದರೆ ಎರಡೂವರೆ ತಾಸಿನ ಪ್ರಯಾಣ. ನಿಜದಲ್ಲಿ ಅದು 16 ತಾಸು. ಟಿಕೆಟ್ಟಿನಲ್ಲಿರುವುದು ಆಯಾ ಊರಿನ ಗಡಿಯಾರ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹದಿಮೂರೂವರೆ ತಾಸು ಹಿಂದೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ತಾಸು ಮುಂದಿಡುವುದರಿಂದ ಹನ್ನೆರಡೂವರೆ. ನಾಲ್ಕೂವರೆಗೆ ಹದಿಮೂರೂವರೆ ಕೂಡಿಸಿದರೆ ನಮ್ಮಲ್ಲಿ ಮರುದಿನ ಮುಂಜಾನೆ ಆರು. ಹಿಂದಿನ ಮಧ್ಯಾಹ್ನ ಎರಡರಿಂದ ಅಲ್ಲಿಗೆ ಎಣಿಸಿ, ಹದಿನಾರೇ ಬರುತ್ತದೆ.

ಇನ್ನು ದೂರ. ಗೋಡೆಯ ನಕಾಶೆಯ ಮೇಲೆ ಪಟ್ಟಿ ಇಟ್ಟು ಅಳೆದರೆ ತಪ್ಪುತ್ತೀರಿ. ಶಾಲೆಯ ಗ್ಲೋಬ್ ತೆಗೆದುಕೊಂಡು ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅದು ಚೀನಾ, ಸೈಬೀರಿಯಾ ಹಾದು ಉತ್ತರಕ್ಕೆ ಏರಿ, ಆಮೇಲೆ ಇಳಿಯುತ್ತದೆ. ಅಷ್ಟೇ ದಾರವನ್ನು ಸಮಭಾಜಕ ವೃತ್ತದ ಮೇಲಿಟ್ಟರೆ ಸುಮಾರು 126 ಡಿಗ್ರಿ ತುಂಬುತ್ತದೆ. ಡಿಗ್ರಿಗೆ 111 ಕಿಲೋಮೀಟರಿನಂತೆ, ಹತ್ತಿರ ಹತ್ತಿರ 14,000 ಕಿಲೋಮೀಟರ್. ಮಕ್ಕಳ ಕೈಯಲ್ಲಿ ಮಾಡಿಸಿ, ಭೂಮಿ ದುಂಡಗಿದೆ ಎಂಬುದು ಬೆರಳಿಗೇ ತಿಳಿಯುತ್ತದೆ.

ದೊಡ್ಡ ಜೆಟ್ ವಿಮಾನ ತಾಸಿಗೆ ಸುಮಾರು 900 ಕಿಲೋಮೀಟರ್ ಹಾರುತ್ತದೆ. ದೂರವನ್ನು ಅದರಿಂದ ಭಾಗಿಸಿ, ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದಕ್ಕೆಂದು ಅರ್ಧ ತಾಸು ಸೇರಿಸಿ. ಈ ಲೆಕ್ಕ ಕೆಡುವುದು ಗಾಳಿಯಿಂದ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ತಾಸಿಗೆ 200 ಕಿಲೋಮೀಟರ್ ಮೀರುವುದುಂಟು. 8,000 ಕಿಲೋಮೀಟರ್ ದೂರದ ಲಂಡನ್ನಿಗೆ ಹೋಗುವಾಗ ತಾಸಿಗೆ 100 ಕಿಲೋಮೀಟರಿನ ಎದುರುಗಾಳಿ ಸಿಕ್ಕರೆ ಹಾರಾಟಕ್ಕೆ 10 ತಾಸು. ಬರುವಾಗ ಅದೇ ಗಾಳಿ ಬೆನ್ನಿಗಿದ್ದರೆ 8. ಆದ್ದರಿಂದಲೇ ಅಮೆರಿಕದ ಪಶ್ಚಿಮ ತೀರಕ್ಕೆ ಹೋಗುವಾಗ, ಪೂರ್ವಕ್ಕೆ ಹಾರಿ ಈ ಗಾಳಿಯನ್ನು ಬೆನ್ನಿಗೆ ಪಡೆಯುವ ಶಾಂತಸಾಗರದ ಮೇಲಿನ ಉದ್ದದ ದಾರಿಯೂ ಲಾಭದ್ದಾಗಬಹುದು. ತಿರುಗಿ ಬರುವ ದಾರಿ ಬೇರೆಯಾಗಬಹುದು: 2021ರ ಜನವರಿಯಲ್ಲಿ ಕ್ಯಾಪ್ಟನ್ ಝೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನ ತಂದದ್ದು ಉತ್ತರ ಧ್ರುವದ ಮೇಲಿನಿಂದ.

ಹುಬ್ಬಳ್ಳಿಯಿಂದ ಹೊರಡುವವರಿಗೆ ನಿಜವಾದ ತೊಡಕು ಬೆಂಗಳೂರಿನಲ್ಲಿ. ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಅಲ್ಲಿಗೆ ಹಾರಾಟದ ದೂರ ಸುಮಾರು 370 ಕಿಲೋಮೀಟರ್, ವೇಳಾಪಟ್ಟಿಯಲ್ಲಿ ಒಂದು ತಾಸಿನ ಆಸುಪಾಸು. ಎರಡೂ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದಾಗ ಬೇರೆ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಕೆಲಸ. ಬೇರೆ ಬೇರೆ ಟಿಕೆಟ್ ತೆಗೆದಿದ್ದರೆ ಆ ನಷ್ಟ ನಿಮ್ಮದೇ. ಬ್ಯಾಗ್ ಬಿಡಿಸಿಕೊಳ್ಳಬೇಕು, ಎರಡನೇ ಟರ್ಮಿನಲ್‌ಗೆ ಹೋಗಬೇಕು, ಮೂರು ತಾಸು ಮೊದಲೇ ಕೌಂಟರ್ ಮುಂದೆ ಇರಬೇಕು. ಐದಾರು ತಾಸು ಬಿಡುವಿಲ್ಲದೆ ಹೊರಡಬೇಡಿ. ಚಳಿಗಾಲದ ಮುಂಜಾನೆ ಬೆಂಗಳೂರಿನ ಮಂಜು ವಿಮಾನಗಳನ್ನು ತಡೆಯುತ್ತದೆ. ತೂಕವನ್ನೂ ನೋಡಿ: ಅಮೆರಿಕದ ವಿಮಾನದಲ್ಲಿ 23 ಕಿಲೋದ ಬ್ಯಾಗಿಗೆ ಅವಕಾಶವಿದ್ದರೂ, ಬೇರೆ ಟಿಕೆಟ್ಟಿನ ದೇಶೀಯ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಪೇಡೆಗೆ ದಂಡ ಬೀಳುವುದು ಹುಬ್ಬಳ್ಳಿಯಲ್ಲೇ.

ತಿರುಗಿ ಬರುವಾಗ ತಾರೀಖು ಮುಂದೆ ಜಿಗಿಯುತ್ತದೆ. ಚಳಿಗಾಲದಲ್ಲಿ ಶನಿವಾರ ರಾತ್ರಿ ಒಂಬತ್ತಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು 17 ತಾಸು ಹಾರಿದರೆ, ಬೆಂಗಳೂರಿನಲ್ಲಿ ಇಳಿಯುವುದು ಸೋಮವಾರ ನಸುಕಿನ ಮೂರೂವರೆಗೆ. ಹುಬ್ಬಳ್ಳಿಯ ಟಿಕೆಟ್ಟನ್ನು ಭಾನುವಾರಕ್ಕೆ ತೆಗೆದಿಟ್ಟಿದ್ದರೆ ಇಂದೇ ಬದಲಿಸಿಕೊಳ್ಳಿ.